ನಾಲ್ಕು ಮೂಲೆಯ ಬೊಂತೆ

ಸೀನಪ್ಪ ಚಿನ್ನದ ಗಣಿ ಕೆಲಸಗಾರರ ಕೋರಮಂಡಲ್ ಲೈನಿನ ಮನೆಗಳಿಗೆ ಸೊಪ್ಪು ಮಾರಿ ಬರುತ್ತಿದ್ದವನು. ಆ ದಿನ ನಮ್ಮ ಜಗಲಿಯಲ್ಲಿ ಖಾಲಿ ಬುಟ್ಟಿ ಇಳಿಸಿದವನು ನೀರೂ ಕೇಳಲಿಲ್ಲ. "ಅಕ್ಕೋ, ಕದಿರಮ್ಮಂಗೆ ನೀವು ಒಲ್ದು ಕೊಟ್ಟ ಬೊಂತೆ ಐತಲ್ಲ, ಅದ್ರ ಮ್ಯಾಲೆ ಮೇಕೆ ಮಲ್ಗೈತೆ," ಎಂದ.

ನಮ್ಮ ನಾಲ್ವರ ಕೈಯಲ್ಲೂ ಸೂಜಿ ನಿಂತಿತು.

ಬಂಗಾರಪೇಟೆಗೆ ಎರಡು ಮೈಲಿ ದೂರದ ನಮ್ಮೂರಿನಲ್ಲಿ, ರಾಗಿ ಕಣ ಮುಗಿದ ಮೇಲೆ, ಮಧ್ಯಾಹ್ನದ ಹೊತ್ತು ನಮ್ಮ ಜಗಲಿಯಲ್ಲಿ ಕೂಡಿ ಬೊಂತೆ ಹೊಲಿಯುವುದು ನಮ್ಮ ರೂಢಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ನಾನು, ಆದಿಲಕ್ಷ್ಮಮ್ಮ, ಮುನಿಶಾಮಮ್ಮ, ಚಿಕ್ಕವೆಂಕಟಮ್ಮ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಹೊಲಿಯುತ್ತಾ ನಡುವಿಗೆ ಬಂದು ಸೇರುತ್ತೇವೆ. ಒಬ್ಬಳ ಹೊಲಿಗೆಯನ್ನು ಇನ್ನೊಬ್ಬಳು ಬಿಚ್ಚುವಂತಿಲ್ಲ. ಸೊಟ್ಟಗಾದರೂ ಹೊಲಿದವಳೇ ಬಿಚ್ಚಬೇಕು. ಬೇರೆ ಕೈ ಬಿಚ್ಚಿದ ಬೊಂತೆಯಲ್ಲಿ ಮಗು ನಿದ್ದೆ ಮಾಡುವುದಿಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ನಿದ್ದೆಯ ಮಾತು ನನಗೆ ಗೊತ್ತಿಲ್ಲ. ಜಗಳವಂತೂ ತಪ್ಪುತ್ತದೆ.

ಕದಿರಮ್ಮ ಆದಿಲಕ್ಷ್ಮಮ್ಮನ ಮಗಳು. ಐದು ತಿಂಗಳ ಕೂಸಿನ ಜೊತೆ ಅವಳನ್ನು ಗಂಡನ ಮನೆಗೆ ಕಳಿಸುವಾಗ ಆ ಬೊಂತೆ ಕೊಟ್ಟದ್ದು. ಅದರ ಮೇಲ್ಪದರಕ್ಕೆ ಆದಿಲಕ್ಷ್ಮಮ್ಮ ತನ್ನ ಧಾರೆ ಸೀರೆಯನ್ನೇ ಕತ್ತರಿಸಿದ್ದಳು, ಅರಿಶಿನದ ಬಣ್ಣ, ಹಸಿರು ಅಂಚು. ಬೇಡವೆಂದು ನಾನು ಕೈ ಹಿಡಿದಿದ್ದೆ. "ಪೆಟ್ಗೇಲಿಟ್ಟು ಇಲೀಗೆ ಆಕ್ಲಾ? ನನ್ನ ಮೊಮ್ಮಗು ಮಲ್ಕೊಳ್ಳಿ," ಎಂದಿದ್ದಳು.

ಈಗ ಅವಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಸೆರಗು ಸಿಕ್ಕಿಸಿದಳು.

"ಅವ್ಳ ಅತ್ತೆ ಆ ಮುನಿನಾರಾಯಣಮ್ಮಂಗೆ ಕೊಬ್ಬು ಕಣ್ರೇ. ಮಗ ಮೈನ್ಸಲ್ಲಿ ಅವ್ನೆ ಅನ್ನೋ ಕೊಬ್ಬು. ನಡೀರಿ, ಆ ಬೊಂತೆ ಒಲಿಗೆ ಬಿಚ್ಚಿ ನಮ್ಮ ಸೀರೆ ನಾವು ತರಾಣ."

"ಬೀಗಿತ್ತಿ ನಿಂಗೆ, ನಮ್ಗಲ್ಲ. ನೀನೇ ಓಗಿ ಎತ್ಕೊಂಡು ಬಾ," ಎಂದಳು ಮುನಿಶಾಮಮ್ಮ.

"ಸುಮ್ನೆ ಎತ್ಕೊಂಡು ಬಂದ್ರೆ ಯಾರ್ಗೆ ಗೊತ್ತಾಗ್ತೈತೆ? ಅವ್ಳ ಬಾಗ್ಲಲ್ಲೇ ಕೂತು ಬಿಚ್ಬೇಕು. ನಾಲ್ಕು ಜನಾನೂ ಬೇಕು."

ಮಾತು ನ್ಯಾಯವಾಗಿ ಕಂಡಿತು. ಸಿಟ್ಟು ಬಂದಾಗ ಎಲ್ಲ ಮಾತೂ ನ್ಯಾಯವಾಗಿಯೇ ಕಾಣುತ್ತದೆ.

ಮರುದಿನ ಬೆಳಗಿನ ರೈಲಿಗೆ ಹೊರಟೆವು. ಮುನಿನಾರಾಯಣಮ್ಮ ಮನೆಯಲ್ಲಿರಲಿಲ್ಲ, ನಲ್ಲಿಗೆ ಹೋಗಿದ್ದಳು. ಅಳಿಯ ಪಾಳಿಗೆ ಹೋಗಿದ್ದ. ಬಾಗಿಲ ಪಕ್ಕದ ಗೂಟದಲ್ಲಿ ಹೊಸದಾಗಿ ಈದ ಮೇಕೆ, ಎರಡು ಮರಿ, ಅವುಗಳ ಕೆಳಗೆ ನಮ್ಮ ಬೊಂತೆ. ಹಸಿರು ಅಂಚಿನ ತುಂಬ ಹಿಕ್ಕೆ. ನಡುವೆ ಮೇಕೆ ಜಗಿದ ಒಂದು ತೂತು.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದ ಕದಿರಮ್ಮ ನಮ್ಮನ್ನು ನೋಡಿ ಅಲ್ಲೇ ನಿಂತಳು.

ಆದಿಲಕ್ಷ್ಮಮ್ಮ ಮೇಕೆಯನ್ನು ಅತ್ತ ಎಳೆದು ಕಟ್ಟಿ, ಬೊಂತೆ ಒದರಿ ಬೀದಿಯಲ್ಲೇ ಹಾಸಿದಳು. ನಾವು ನಮ್ಮ ನಮ್ಮ ಮೂಲೆ ಹಿಡಿದು ಕೂತೆವು. ಅವಳು ಒಂದೊಂದು ದಾರ ಕೀಳುವಾಗಲೂ ಬೀಗಿತ್ತಿಗೆ ಒಂದೊಂದು ಬೈಗುಳ. ಲೈನಿನ ಹೆಂಗಸರೆಲ್ಲ ಹೊರಗೆ ಬಂದರು. "ಎನ್ನಮ್ಮಾ ಆಚು?" ಏನಾಯಿತೆಂದು ಒಬ್ಬಳು ತಮಿಳಿನಲ್ಲಿ ಕೇಳಿದಳು. ಚಿಕ್ಕವೆಂಕಟಮ್ಮ ತನಗೆ ಬರುವ ಅರ್ಧ ತಮಿಳಿನಲ್ಲಿ ಪೂರ್ತಿ ಕತೆ ಹೇಳಿದಳು.

"ಅಮ್ಮ, ಒಳಗೆ ಬಾಮ್ಮ. ಜನ ನೋಡ್ತವ್ರೆ," ಎಂದಳು ಕದಿರಮ್ಮ.

"ನೋಡ್ಲಿ ಅಂತಾನೇ ಬಂದಿರೋದು!"

ಕಾಲು ಭಾಗ ಬಿಚ್ಚಿರಬೇಕು, ಮುನಿನಾರಾಯಣಮ್ಮ ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಬಂದಳು. ಎರಡನ್ನೂ ಇಳಿಸಿ ಉಸಿರು ಬಿಟ್ಟಳು.

"ನೀವು ಬೈಯ್ತಿರೋದು ನಲ್ಲಿ ಗಂಟ ಕೇಳ್ತು ಬೀಗಿತ್ತಮ್ಮ. ನಾನೇನು ಮಾಡ್ದೆ ಅಂತ ನಂಗೂ ವಸಿ ಯೋಳಿ."

"ಏನು ಮಾಡ್ದೆ? ನನ್ನ ಧಾರೆ ಸೀರೆ ಮೇಕೆಗೆ ಆಸಿದ್ದೀಯ!"

"ಎಂಟು ದಿನ ನಾನು ಮುಳಬಾಗ್ಲಲ್ಲಿ ನಮ್ಮಕ್ಕನ ಮನೇಲಿದ್ದೆ. ಬಂದಿದ್ದು ನೆನ್ನೆ ರಾತ್ರಿ. ಬೆಳಕರಿದ ಮ್ಯಾಲೆ ಇದು ಕಣ್ಣಿಗೆ ಬಿತ್ತು. ಒಗ್ಯಾಣ ಅಂತಾನೇ ಈ ನೀರು ತಂದಿರೋದು." ಸೊಸೆಯ ಕಡೆಗೆ ಗದ್ದ ತೋರಿಸಿದಳು. "ಯಾರು ಆಸಿದ್ದು ಅಂತ ಅಲ್ಲಿ ಕೇಳಿ."

ನಾವೆಲ್ಲ ಕದಿರಮ್ಮನ ಕಡೆಗೆ ತಿರುಗಿದೆವು.

"ಎಲ್ರ ಮನೇಲೂ ಕಂಬ್ಳಿ ಐತೆ," ಎಂದಳು ಕದಿರಮ್ಮ, ನೆಲ ನೋಡುತ್ತಾ. "ಮಗೀಗೆ ಚಿಂದಿ ಒದ್ಸಿದ್ದೀಯ ಅಂತ ಲೈನಿನೋರು ನಕ್ರು."

"ಮತ್ತೆ ನಾನು ಇಷ್ಟೊತ್ತು ನಿಮ್ಮತ್ತೇನ ಬೈವಾಗ ನಿನ್ನ ಬಾಯಲ್ಲಿ ಏನಿತ್ತೇ, ಮಣ್ಣಾ?"

"ಅತ್ತೆ ಆಸಿದ್ರು ಅಂತ ನಾನೆಲ್ಲಿ ಅಂದೆ? ನೀವೇ ಅಂದ್ಕೊಂಡ್ರಿ."

ಆದಿಲಕ್ಷ್ಮಮ್ಮನ ಕೈ ಮೇಲೆದ್ದಿತು. ಕಂಕುಳಲ್ಲಿದ್ದ ಕೂಸು ಅಜ್ಜಿಯ ಬಳೆ ಕಂಡು ನಕ್ಕಿತು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಬೊಂತೆಯ ಮೇಲೆಯೇ ಬಡಿದಳು.

"ಬಿಚ್ರೇ! ಒಂದು ದಾರ ಬಿಡಬ್ಯಾಡಿ. ಚಿಂದಿ ಅಂತೆ! ಇವ್ಳಿಗೆ ಒಂದು ಚೂರೂ ಬ್ಯಾಡ."

ಆಗ ಮುನಿನಾರಾಯಣಮ್ಮ ಬಂದು ಬೊಂತೆಯ ನಡುವೆ, ಹಿಕ್ಕೆಯ ಮೇಲೆಯೇ, ದೊಪ್ಪನೆ ಕೂತಳು.

"ಬಿಚ್ಚಿ ನೋಡಾಣ. ನನ್ನ ಬೈದಿದ್ದು ಇಡೀ ಲೈನು ಕೇಳೈತೆ. ಈಗ ನೀವು ವಾಪಸ್ ಒಲಿಯೋದ್ನೂ ಇಡೀ ಲೈನು ನೋಡ್ಲಿ. ಬೊಂತೆ ನಂಗೆ ಬೇಕು. ಸೊಂಟ ನೋವು ಇರೋಳು ನಾನು."

ನಾವು ಮೂವರೂ ಆದಿಲಕ್ಷ್ಮಮ್ಮನ ಮುಖ ನೋಡಿದೆವು. ಅವಳು ಯಾರ ಮುಖವನ್ನೂ ನೋಡಲಿಲ್ಲ. ತಪ್ಪಾಯಿತು ಎನ್ನುವ ಮಾತು ಅವಳ ಬಾಯಲ್ಲಿ ಹುಟ್ಟಿದ್ದನ್ನು ನಾನಂತೂ ಕೇಳಿಲ್ಲ.

"ಮೊದ್ಲು ಒಗೀಬೇಕು," ಎಂದೆ ನಾನು. "ಬಿಚ್ಚಿರೋದೂ ಒಳ್ಳೇದೇ ಆಯ್ತು, ಬ್ಯಾಗ ಒಣಗ್ತೈತೆ."

ಎರಡು ಬಿಂದಿಗೆ ನೀರೂ ಮುಗಿಯಿತು, ಮಧ್ಯಾಹ್ನದ ರೈಲೂ ಹೋಯಿತು. ಬಿಸಿಲಲ್ಲಿ ಒಣಗಿದ ಬೊಂತೆಯನ್ನು ಅದೇ ಬೀದಿಯಲ್ಲಿ ಹಾಸಿ, ಅವೇ ಮೂಲೆಗಳಲ್ಲಿ ಕೂತೆವು. ಕದಿರಮ್ಮ ಕೂಸನ್ನು ಮಲಗಿಸಿ ಸೂಜಿ ಹಿಡಿದು ಬಂದಳು.

"ಇದ್ರಲ್ಲಿ ನಿಂಗೆ ಮೂಲೆ ಇಲ್ಲ," ಎಂದಳು ತಾಯಿ. "ಓಗು, ಮೇಕೆ ಇಡ್ಕೊ."

ಅವಳು ಹೋಗಿ ಮೇಕೆ ಹಿಡಿದು ನಿಂತಳು.

ಮುನಿನಾರಾಯಣಮ್ಮ ಒಳಗಿನಿಂದ ತನ್ನದೊಂದು ಕೆಂಪು ಸೀರೆಯ ತುಂಡು ತಂದು, ನಡುವಿನ ತೂತಿಗೆ ತೇಪೆ ಹಾಕತೊಡಗಿದಳು. ಆದಿಲಕ್ಷ್ಮಮ್ಮ ಓರೆಗಣ್ಣಲ್ಲಿ ನೋಡುತ್ತಿದ್ದಳು. ತಡೆಯಲಾರದೆ ಸೂಜಿ ಚಾಚಿದಳು.

"ತೇಪೆ ಸೊಟ್ಟಗಾಯ್ತು ಬೀಗಿತ್ತಮ್ಮ. ಕೊಡಿ ಇಲ್ಲಿ, ಬಿಚ್ಚಿ ಆಕ್ತೀನಿ."

ಮುನಿನಾರಾಯಣಮ್ಮ ಅವಳ ಕೈಯನ್ನು ಅತ್ತ ತಳ್ಳಿದಳು.

"ಮುಟ್ಬ್ಯಾಡಿ. ಬಿಚ್ಚೋದಾದ್ರೆ ಒಲ್ದೋಳೇ ಬಿಚ್ತಾಳೆ."