ಮೆಟ್ಟಿಲ ತಿರುವಿನ ಬೀರು

ಮಗಳು ಕೂತು ಹೊಲಿಯುತ್ತಿದ್ದದ್ದು ಪಕ್ಕದ ಬೀದಿಯ ಅಂಗಡಿಯಲ್ಲಾದರೂ ಜೀವವೆಲ್ಲ ಮನೆಯ ಮೂರನೇ ಮಹಡಿಯಲ್ಲಿ. ಅಲ್ಲಿ ನಡೆಯಲಾಗದ ಅಮ್ಮ ಒಬ್ಬಳೇ. ಬೆಂಕಿಗಿಂಕಿ ಹತ್ತಿದರೆ ಏನು ಗತಿ? ಈ ಹೆದರಿಕೆ ತಲೆಗೆ ಹೊಕ್ಕ ಮೇಲೆ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುವುದಾಗುತ್ತಿತ್ತು. ತಿಂಗಳ ಕೊನೆಗೆ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದಳು. ಆಸೆಪಟ್ಟು ಕಲಿತ ಕೆಲಸ, ಬಿಡಲು ಮನಸ್ಸಿರಲಿಲ್ಲ.

ಆ ವಾರವೇ ಅಗ್ನಿಶಾಮಕ ಠಾಣೆಯವರು ಜನರನ್ನು ಕೆಳಗಿಳಿಸುವ ತಾಲೀಮಿಗೆಂದು ಅವರ ಕಟ್ಟಡಕ್ಕೆ ಬಂದರು. ಮನುಷ್ಯನ ಬದಲಿಗೆ ಮರಳಿನ ಮೂಟೆ ತಂದಿದ್ದರು.

"ಮೂಟೆ ಯಾಕೆ? ನಾನಿಲ್ವಾ?" ಎಂದಳು ಅಮ್ಮ. "ಮೂಟೆಗೆ ನೋವಾದ್ರೆ ಬಾಯಿಬಿಟ್ಟು ಹೇಳುತ್ತಾ?"

ಸರಿ, ಅವಳನ್ನೇ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಬೆಡ್‌ಶೀಟ್ ಬಿಗಿದು ನೆರೆಯವರಿಂದಲೇ ಎತ್ತಿಸಿದರು. ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಅಲ್ಲಿ ಆ ಮಹಡಿಯ ಮಾಮನ ಚಪ್ಪಲಿ ಬೀರು. ಅಮ್ಮನ ಮೊಣಕಾಲಿಗೆ ಪೆಟ್ಟು ಬಿದ್ದು, ಅವಳ ಬೈಗುಳ ಇಡೀ ಕಟ್ಟಡಕ್ಕೆ ಕೇಳಿತು.

"ಬೀರು ಒಳಗಿಡಿ ಸರ್," ಎಂದಳು ಠಾಣೆಯ ಅಧಿಕಾರಿ.

"ಮೊದಲಿಂದ ಇಲ್ಲೇ ಇದೆ. ಯಾರಿಗೇನು ತೊಂದರೆ ಆಗಿದೆ?" ಮಾಮ ಮೂಗು ಮುರಿದ.

ಅಧಿಕಾರಿ ವಾದಕ್ಕಿಳಿಯಲಿಲ್ಲ. "ಹಾಗಾದ್ರೆ ನೀವೂ ಒಂದ್ಸಲ ಕೂತ್ಕೊಂಡು ನೋಡಿ."

ಎಲ್ಲರೂ ನೋಡುತ್ತಿರುವಾಗ ಇಲ್ಲವೆನ್ನುವುದು ಹೇಗೆ? ಮಾಮ ಹೊಟ್ಟೆ ಹೊತ್ತುಕೊಂಡು ಕೂತ. ಎತ್ತಿ ಇಳಿಸಹೋದರೆ ತನ್ನದೇ ಬೀರುವಿಗೂ ಗೋಡೆಗೂ ನಡುವೆ ಸಿಕ್ಕಿ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ನಕ್ಕು ನಕ್ಕು ಜನರ ಹೊಟ್ಟೆ ಹುಣ್ಣಾಯಿತು. ಸಂಜೆಯೊಳಗೆ ಬೀರು ಮನೆಯೊಳಗೆ ಸೇರಿತ್ತು.

ತಿಂಗಳು ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಸೈರನ್ ಕೂಗಿತು. ಕೆಂಪು ಗಾಡಿ ತಿರುಗಿದ್ದು ಅವಳ ಮನೆಯ ಓಣಿಗೇ. ಕೈಯ ಕತ್ತರಿ ಎಲ್ಲಿ ಬಿತ್ತೋ, ಮಗಳು ಓಡಿದಳು.

ಓಣಿಯ ಸ್ಕೂಟರ್‌ಗಳೆಲ್ಲ ತಾಲೀಮಿನ ದಿನ ಹೇಳಿದಂತೆ ಗೋಡೆಗೆ ಅಂಟಿ ನಿಂತಿದ್ದವು. ಗಾಡಿ ಸಲೀಸಾಗಿ ಒಳಗೆ ನುಗ್ಗಿತು. ಕಟ್ಟಡದ ಕೆಳಗಿನ ಅಂಗಡಿಯಲ್ಲಿ ವೈರು ಸುಟ್ಟು ಹೊಗೆ ಏಳುತ್ತಿತ್ತು. ಅಮ್ಮ? ಅಮ್ಮ ಓಣಿಯ ತುದಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು, ಸೊಂಟದಲ್ಲಿ ಬೆಡ್‌ಶೀಟು. ಪಕ್ಕದಲ್ಲಿ ಮಾಮ ಏದುಸಿರು ಬಿಡುತ್ತಿದ್ದ.

"ಅವರು ಬರೋದ್ರೊಳಗೆ ನಾವೇ ಇಳಿಸಿಬಿಟ್ವಿ ಕಣಮ್ಮಾ! ಹಿಂದುಗಡೆ ಹಿಡಿದಿದ್ದು ನಾನೇ!"

ಮಗಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ಇಷ್ಟು ದಿನದ ಹೆದರಿಕೆಯೆಲ್ಲ ಕಣ್ಣೀರಾಗಿ ಇಳಿಯಿತು.

ಅಮ್ಮ ಅವಳ ಕೊರಳಲ್ಲಿ ಇನ್ನೂ ನೇತಾಡುತ್ತಿದ್ದ ಅಳತೆ ಟೇಪನ್ನು ಸರಿಮಾಡಿದಳು. "ಯಾರದೋ ಬಟ್ಟೆ ಅರ್ಧಕ್ಕೆ ಬಿಟ್ಟು ಬಂದ್ಯೇನೇ? ನನ್ನನ್ನ ಇಳಿಸೋಕೆ ಇಡೀ ಕಟ್ಟಡವೇ ಇದೆ. ನೀನು ಹೋಗಿ ಹೊಲಿ."