ಗುಡ್ಡದ ನೀರಿನ ವಲಯದ ನಡಾವಳಿ

ಗಡಿ ಆಯೋಗದ ಪರಿಶೀಲನಾಧಿಕಾರಿ ಗುಡ್ಡದ ನೀರಿನ ವಲಯಕ್ಕೆ ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ. ಯಾವ ಊರಿನ ಗಡಿ ಎಲ್ಲಿಗೆ ಮುಗಿಯಬೇಕು, ನೀರಿಗೆಂದೋ ಬೀದಿದೀಪಕ್ಕೆಂದೋ ಜನ ಕಟ್ಟಿಕೊಂಡ ಸಣ್ಣಪುಟ್ಟ ವಲಯಗಳು ನೆಟ್ಟಗೆ ನಡೆಯುತ್ತಿವೆಯೇ ಎಂದು ನೋಡುವುದು ಆಯೋಗದ ಕೆಲಸ. ಈ ವಲಯದಲ್ಲಿ ನೂರ ನಲವತ್ತು ಮನೆ, ಒಂದು ಕೊಳವೆಬಾವಿ, ಒಂದು ಟ್ಯಾಂಕು, ಮೂವರು ಸದಸ್ಯರ ಮಂಡಳಿ. ಪಟ್ಟಣದ ನೀರಿನ ಪೈಪು ಈಗ ಗುಡ್ಡದ ಬುಡದವರೆಗೆ ಬಂದಿತ್ತು. ವಲಯವನ್ನು ಹಾಗೇ ಉಳಿಸಬೇಕೋ ಪಟ್ಟಣಕ್ಕೆ ಸೇರಿಸಬೇಕೋ ಎಂದು ಆಕೆ ವರದಿ ಕೊಡಬೇಕಿತ್ತು.

ಹೊರಡುವ ಮೊದಲು ಆಕೆ ಮಂಡಳಿಯ ಈಚಿನ ವರ್ಷಗಳ ಸಭೆಗಳ ನಡಾವಳಿ ಓದಿದ್ದಳು. ಬೇರೆಡೆಯ ನಡಾವಳಿಗಳಲ್ಲಿ ‘ಚರ್ಚಿಸಿ ಅಂಗೀಕರಿಸಲಾಯಿತು’ ಎಂಬುದರ ಆಚೆ ಏನೂ ಇರುತ್ತಿರಲಿಲ್ಲ. ಇಲ್ಲಿ ಅಧ್ಯಕ್ಷರು ರೇಗುತ್ತಿದ್ದರು, ದರ್ಜಿ ಸದಸ್ಯರು ನಡುವೆ ತಮಾಷೆ ಮಾಡುತ್ತಿದ್ದರು, ಕಾರ್ಯದರ್ಶಿಯ ಸಲಹೆ ಎರಡು–ಒಂದರಿಂದ ಬಿದ್ದುಹೋಗುತ್ತಿತ್ತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇಷ್ಟು ಜೀವಂತ ಕಾಗದ ಆಕೆಯ ಕೈಗೆ ಬಂದಿರಲಿಲ್ಲ.

ಪಂಪ್‌ಮನೆಗೆ ಹೊಂದಿಕೊಂಡ ಕೋಣೆಯೇ ಕಚೇರಿ. ಕಾರ್ಯದರ್ಶಿ ನಿವೃತ್ತ ಶಾಲಾ ಶಿಕ್ಷಕಿ, ಗುಡ್ಡದವರಿಗೆಲ್ಲ ಟೀಚರಮ್ಮ. ನೀರಿನ ಪರೀಕ್ಷೆಯ ವರದಿಗಳನ್ನು ತಿಂಗಳುವಾರು ಜೋಡಿಸಿಟ್ಟು ಕಾದಿದ್ದರು. ಎಲ್ಲ ಅಚ್ಚುಕಟ್ಟು. ಅವರು ಇನ್ನೊಂದು ಫೈಲು ತರಲು ಮನೆಗೆ ಹೋದಾಗ, ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಪಂಪ್ ಆಪರೇಟರನ್ನು ಅಧಿಕಾರಿ ಕೇಳಿದಳು: “ಅಧ್ಯಕ್ಷರು ಎಷ್ಟೊತ್ತಿಗೆ ಸಿಗ್ತಾರೆ?”

ಅವನು ಟೀಚರಮ್ಮನ ಮೈದುನ. “ಅಧ್ಯಕ್ಷರಾ? ಅಣ್ಣ ತೀರ್ಕೊಂಡು ಆರು ವರ್ಷ ಆಯ್ತಲ್ಲ ಮೇಡಂ.”

“ದರ್ಜಿಯವರು?”

“ಅವರು ಮಗಳ ಮನೆಗೆ ಹೋದೋರು ಈ ಕಡೆ ತಲೆ ಹಾಕಿಲ್ಲ.” ಅಷ್ಟು ಹೇಳಿದ ಮೇಲೆ ಅವನಿಗೆ ತಾನು ಬಾಯಿ ಬಿಟ್ಟದ್ದು ಹೊಳೆಯಿತು. “ಅತ್ತಿಗೆಗೆ ನಾನು ಹೇಳ್ದೆ ಅನ್ಬೇಡಿ,” ಎಂದು ಪಂಪಿನ ಕಡೆ ಹೋದ.

ಟೀಚರಮ್ಮ ಬಂದಾಗ ಅಧಿಕಾರಿ ಸುತ್ತಿಬಳಸದೆ ಕೇಳಿದಳು. ಟೀಚರಮ್ಮ ಫೈಲು ಮೇಜಿನ ಮೇಲಿಟ್ಟು ಕೂತರು.

“ಚುನಾವಣೆ ನೋಟೀಸು ಮೂರು ಸಲ ಅಂಟಿಸಿದೆ ಕಣಮ್ಮ. ಒಬ್ಬರೂ ನಿಲ್ಲಲಿಲ್ಲ. ಸಭೆ ಇಲ್ಲ ಅಂದ್ರೆ ನೀವು ವಲಯ ಮುಚ್ತೀರ. ಅದಕ್ಕೇ ಬರೆದೆ.”

“ಬರೆದದ್ದೇನೋ ಆಯ್ತು. ಆದರೆ ಅದರಲ್ಲಿ ಅವರಿಬ್ಬರು ನಿಮ್ಮನ್ನೇ ಸೋಲಿಸಿದ್ದಾರಲ್ಲ?”

“ಅವರಿದ್ದಿದ್ರೆ ಸೋಲಿಸ್ತಿದ್ರು! ಮೇಲಿನ ಬೀದಿ ಪೈಪು ಮಳೆಗಾಲದಲ್ಲೇ ಅಗೆಸ್ಬೇಕು ಅಂತ ನನಗೆ ಆತುರ. ನಮ್ಮೋರು ಒಪ್ತಿರಲಿಲ್ಲ. ನಲವತ್ತು ವರ್ಷ ಕೇಳಿದ ಗಂಟಲು, ಏನು ಹೇಳ್ತಾರೆ ಅಂತ ನನಗೆ ಗೊತ್ತಿಲ್ವಾ? ಬೇಸಿಗೆವರೆಗೆ ಕಾದೆ. ಅದೇ ಒಳ್ಳೇದಾಯ್ತು.”

ಅಧಿಕಾರಿಗೆ ನಗು ಬಂತು, ನಗಲಿಲ್ಲ. “ನಾನು ಇದನ್ನ ವರದಿಲಿ ಬರೀಲೇಬೇಕು, ಟೀಚರಮ್ಮ.”

“ಬರೀರಿ. ಇಲ್ಲದ್ದನ್ನ ಬರೆಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನೀವ್ಯಾಕೆ ಆ ಪಾಡು ಪಡ್ಬೇಕು?”

ಆಕೆ ಎಲ್ಲವನ್ನೂ ಬರೆದಳು: ಮಂಡಳಿ ಇಲ್ಲ, ಸಭೆಗಳು ನಡೆದಿಲ್ಲ, ಆರು ವರ್ಷದಲ್ಲಿ ನೀರು ಒಂದು ದಿನವೂ ನಿಂತಿಲ್ಲ, ಒಂದು ಪರೀಕ್ಷೆಯೂ ಕೆಟ್ಟಿಲ್ಲ. ಕೊನೆಯ ಎರಡು ಸಾಲು ತೆಗೆಯಿರಿ, ವರದಿ ಗೊಂದಲವಾಗುತ್ತದೆ ಎಂದು ಮೇಲಧಿಕಾರಿ ಹೇಳಿದರು. ಆಕೆ ತೆಗೆಯಲಿಲ್ಲ.

ಬಹಿರಂಗ ವಿಚಾರಣೆಗೆ ಗುಡ್ಡದಿಂದ ಎಂಬತ್ತಕ್ಕೂ ಹೆಚ್ಚು ಜನ ಬಂದರು. ಕುರ್ಚಿ ಸಾಲದೆ ಗೋಡೆಗೊರಗಿ ನಿಂತರು. ನಮ್ಮ ನೀರು ನಮಗೇ ಇರಲಿ, ಪಟ್ಟಣಕ್ಕೆ ಸೇರುವುದಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಮಾತಾಡಿದರು. ಎಲ್ಲರಿಗಿಂತ ಜೋರು ಬೇಕರಿಯವನದು.

ಆಯೋಗದ ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡು, “ಆಗಲಿ, ಉಳಿಸೋಣ. ಎರಡು ಸ್ಥಾನ ಖಾಲಿ ಇದೆ. ಯಾರು ನಿಲ್ತೀರಿ?” ಎಂದರು.

ಯಾರೂ ಕೈ ಎತ್ತಲಿಲ್ಲ. ಬೇಕರಿಯವನು ಕೆಮ್ಮಿದ. “ನನಗೆ ಅಂಗಡಿ ಬಿಟ್ಟು ಅಲ್ಲಾಡೋಕಾಗಲ್ಲ ಸಾರ್. ಟೀಚರಮ್ಮ ನಡೆಸ್ಕೊಂಡು ಬಂದಿದ್ದಾರಲ್ಲ, ಹಾಗೇ ನಡೀಲಿ ಬಿಡಿ.”

ಕೆಲವರು ನಕ್ಕರು. ಟೀಚರಮ್ಮ ಎದ್ದು ನಿಂತರು. “ಸುಳ್ಳು ಬರೆದದ್ದು ನಾನೇ. ಅದಕ್ಕೇನು ಮಾಡ್ತಾರೋ ಮಾಡ್ಲಿ. ಆದ್ರೆ ನಿಮ್ಮಲ್ಲಿ ಇಬ್ಬರು ತಿಂಗಳಿಗೊಂದು ಗಂಟೆ ಬಂದು ಕೂತಿದ್ರೆ ನಾನು ಹೋದೋರನ್ನ ಕರೀಬೇಕಾಗಿರ್ಲಿಲ್ಲ.” ಮುಖ್ಯಸ್ಥರ ಕಡೆ ತಿರುಗಿ, “ಸೇರಿಸಿಬಿಡಿ ಸಾರ್,” ಎಂದು ಕೂತುಬಿಟ್ಟರು.

ವಲಯವನ್ನು ಸೇರಿಸುವುದೆಂದು ಆಯೋಗದಲ್ಲಿ ನಾಲ್ಕು–ಒಂದರಿಂದ ತೀರ್ಮಾನವಾಯಿತು. ಅಧಿಕಾರಿಯೇ ನಕ್ಷೆಯಲ್ಲಿ ವಲಯದ ಗೆರೆ ಅಳಿಸಿ, ನೂರ ನಲವತ್ತು ಮನೆಗಳನ್ನು ಪಟ್ಟಣದ ಗಡಿಯೊಳಗೆ ತಂದಳು. ಟೀಚರಮ್ಮನಿಗೆ ಒಂದು ಎಚ್ಚರಿಕೆ ಪತ್ರ ಹೋಯಿತು. ಮೈದುನನಿಗೆ ಪಟ್ಟಣದ ನೀರು ವಿಭಾಗದಲ್ಲಿ ಕೆಲಸ ಸಿಕ್ಕಿತು.

ಮೊದಲ ತಿಂಗಳು ನೀರು ಹೊತ್ತಲ್ಲದ ಹೊತ್ತಿಗೆ ಬಂತು. ಗುಡ್ಡದವರು ಅಭ್ಯಾಸಬಲದಿಂದ ಟೀಚರಮ್ಮನಿಗೇ ಫೋನು ಮಾಡಿದರು. “ಗುರುವಾರ ಹನ್ನೊಂದಕ್ಕೆ ಪಟ್ಟಣದ ಸಭೆ ಇದೆ. ನಾನೂ ಹೋಗ್ತೀನಿ, ಜೊತೆಗೆ ಬನ್ನಿ,” ಎಂದು ಅವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. ಆ ಗುರುವಾರ ಬಸ್ ನಿಲ್ದಾಣಕ್ಕೆ ಬೇಕರಿಯವನೊಬ್ಬನೇ ಬಂದಿದ್ದ, ಅಂಗಡಿಯಲ್ಲಿ ಹೆಂಡತಿಯನ್ನು ಕೂರಿಸಿ.