ಮನೆ ನೋಡಲು ಬಂದವಳು

ಹಿಟ್ಟಿನ ಬೆಲೆ ಏರಿತು, ಕಲ್ಲಿದ್ದಲಿನ ಬೆಲೆ ಅದಕ್ಕಿಂತ ಮೇಲೇರಿತು. ನನ್ನ ಗಂಡ ಎರ್ಮೆಕ್ ಮಾತ್ರ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಬಡವರ ಮಕ್ಕಳಿಗೆಂದು ಸರ್ಕಾರ ತಿಂಗಳು ತಿಂಗಳು ಕೊಡುವ ಸಹಾಯಧನ ಸಿಕ್ಕರೆ ನಮ್ಮ ಗುಡ್ಡದ ಊರು ನಾರಿನ್‌ನ ಈ ಚಳಿಗಾಲ ಹೇಗೋ ಕಳೆಯುತ್ತಿತ್ತು. ಅರ್ಜಿ ಹಾಕಿದೆ. ಮನೆ ನೋಡಲು ಕಚೇರಿಯಿಂದ ಒಬ್ಬಳು ಬರುತ್ತಾಳೆ ಎಂದರು.

ಇದ್ದದ್ದು ಇದ್ದ ಹಾಗೇ ಇರಲಿ, ಅವಳಿಗೆ ಚಹಾ, ರೊಟ್ಟಿ ಸಾಕು ಎಂದು ಅತ್ತೆ ಬುರುಲ್‌ಗೆ ಬಿಡಿಸಿ ಹೇಳಿದ್ದೆ. ಆಯಿತೆಂದು ತಲೆಯಾಡಿಸಿದ್ದರು.

ಎರ್ಮೆಕ್‌ನ ಮಾತ್ರೆ ತರಲು ಪೇಟೆಗೆ ಹೋದವಳು ಮರಳಿ ಬಂದು ನೋಡುತ್ತೇನೆ, ಮನೆಯಲ್ಲಿ ಮದುವೆಯ ಕಳೆ. ಪಕ್ಕದ ಮನೆಯವರ ರೇಷ್ಮೆ ಹಾಸಿಗೆಗಳು, ಉಳ್ಳವರ ಮನೆಯಲ್ಲಿರುವಂತೆ, ನಮ್ಮ ಪೆಟ್ಟಿಗೆಯ ಮೇಲೆ ಸೂರಿನ ತನಕ ಏರಿವೆ. ಎರ್ಮೆಕ್ ಮಲಗಿದ್ದ ಒಳಕೋಣೆಯ ಬಾಗಿಲು ಮುಚ್ಚಿದೆ. ಊಟಕ್ಕೆಂದು ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಎರವಲು ತಂದ ಬೆಣ್ಣೆ, ಹಣ್ಣಿನ ಜಾಮ್, ಒಣದ್ರಾಕ್ಷಿ. ಹಂಡೆಯಲ್ಲಿ ಕುದಿಯುತ್ತಿದ್ದದ್ದು ಮಕ್ಕಳ ಹಾಲಿಗಿದ್ದ ಒಂದೇ ಒಂದು ಮೇಕೆ. ಕಚೇರಿಯ ಹುಡುಗಿ ಐಸಾಲ್ಕಿನ್ ಗೌರವದ ಜಾಗದಲ್ಲಿ ಮುದುಡಿ ಕೂತಿದ್ದಳು.

"ಕಷ್ಟ ಏನಾದ್ರೂ ಇದ್ರೆ ಹೇಳಿ ಅಜ್ಜಿ. ನೀವು ಹೇಳದಿದ್ರೆ ನಂಗೆ ಬರ್ಕೊಳ್ಳೋಕಾಗಲ್ಲ."

"ಕಷ್ಟಾನಾ? ದೇವ್ರು ಕೊಟ್ಟಿದ್ದು ಬೇಕಾದಷ್ಟಿದೆ ಕಣಮ್ಮಾ. ನೀನು ನಾಚ್ಕೋಬೇಡ, ತಿನ್ನು."

ನನಗೆ ತಡೆಯಲಾಗಲಿಲ್ಲ. ಹಾಸಿಗೆ ನಮ್ಮದಲ್ಲ, ಬೆಣ್ಣೆ ನಮ್ಮದಲ್ಲ, ಇದ್ದ ಒಂದು ಮೇಕೆಯೂ ಹೋಯಿತು ಎಂದೆ. ಅತ್ತೆ ನಕ್ಕುಬಿಟ್ಟರು.

"ನಮ್ಮ ಸೊಸೆ ಮಾತು ತಲೆಗೆ ಹಚ್ಕೋಬೇಡ. ಬಂದೋರ ಮುಂದೆ ಅಳೋದು ಅವಳ ತವರಿನ ಅಭ್ಯಾಸ."

ಐಸಾಲ್ಕಿನ್ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಕಂಡದ್ದರ ಫೋಟೋ ಕಚೇರಿಗೆ ಕಳಿಸಲೇಬೇಕು, ಬೇರೆ ದಾರಿಯಿಲ್ಲ ಎಂದು ಹಾಸಿಗೆಗಳದ್ದೂ ಹಂಡೆಯದ್ದೂ ಫೋಟೋ ತೆಗೆದುಕೊಂಡಳು. ರೊಟ್ಟಿಯ ಚೂರೊಂದನ್ನು ಮುರಿದು ಬಾಯಿಗಿಟ್ಟು ಹೊರಟುಹೋದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಸಂಜೆಯೊಳಗೆ ನೆರೆಯವರು ತಂತಮ್ಮ ಸಾಮಾನು ಹೊತ್ತೊಯ್ದರು. ಬರಿದಾದ ಮನೆಯಲ್ಲಿ ನಾನು ಬಾಯಿಗೆ ಬಂದಂತೆ ಬೈದೆ.

"ಮಕ್ಕಳ ಬಾಯಿಂದ ಕಿತ್ಕೊಂಡು ಮರ್ಯಾದೆ ಉಳಿಸ್ಕೊಂಡ್ರಲ್ಲ ಅತ್ತೆ."

"ಮನೆಗೆ ಬಂದೋರಿಗೆ ಹಸಿವು ತೋರ್ಸೋದು ಹೇಗೆ ಅಂತ ನಂಗೆ ಯಾರೂ ಕಲಿಸ್ಲಿಲ್ಲಮ್ಮಾ," ಎಂದರು ಅತ್ತೆ. ಅದು ಚುಚ್ಚುಮಾತಲ್ಲ, ಅವರು ನಿಜವಾಗಿಯೂ ಕೇಳುತ್ತಿದ್ದರು.

ಅರ್ಜಿ ತಿರಸ್ಕೃತವಾಯಿತು. ಮತ್ತೆ ಹಾಕುವುದಿದ್ದರೆ ಮುಂದಿನ ವರ್ಷವೇ ಅಂತೆ. ಆ ಹೊತ್ತಿಗೆ ಹಿಮ ಬೀಳುತ್ತಿತ್ತು, ಕಲ್ಲಿದ್ದಲಿನ ಮೂಲೆಯಲ್ಲಿ ಬರೀ ಪುಡಿ ಉಳಿದಿತ್ತು.

ಈಗ ಊಟಕ್ಕೆ ಕೂತಾಗಲೆಲ್ಲ ಅತ್ತೆ ತಮ್ಮ ಪಾಲಿನ ರೊಟ್ಟಿಯನ್ನು ಮಕ್ಕಳ ಕಡೆ ಸರಿಸಿ, ಹಸಿವಿಲ್ಲ ಎನ್ನುತ್ತಾರೆ. ಅದು ಸುಳ್ಳೆಂದು ನನಗೆ ಗೊತ್ತು. ತಿನ್ನಿ ಎಂದು ನಾನು ಒತ್ತಾಯ ಮಾಡುವುದಿಲ್ಲ.